ಫ್ರೀ ಗೇಮ್ ಕೊಡಲಾ, ದುಡ್ಡು ಕೊಟ್ಟು ಕೊಡಿಸಲಾ?

ಪ್ರಶ್ನೆ: ನಾವು ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ಇರುತ್ತೇವೆ. ಮಗನಿಗೆ 10 ವರ್ಷ, ಮಗಳಿಗೆ 6. ಮನೆಯವರದು ಕಿರಾಣಿ ಅಂಗಡಿ. ಅವರು ಮಧ್ಯಾಹ್ನ ಊಟಕ್ಕೆ ಬಂದರೆ ಸಾಕು, ಮಕ್ಕಳಿಬ್ಬರೂ ಫೋನಿಗೆ ಜಗಳ. ಟ್ಯೂಷನ್‌ನಲ್ಲಿ ಎಲ್ಲರೂ ಫ್ರೀ ಫೈರ್ ಮ್ಯಾಕ್ಸ್ ಆಡ್ತಾರೆ, ನನಗೂ ಬೇಕು ಅಂತ ಮಗ ಹಟ ಹಿಡಿದಿದ್ದಾನೆ. ಬಂದೂಕಿನ ಆಟ ನನಗೆ ಇಷ್ಟ ಇಲ್ಲ. ಆದರೆ ಬೇಸಿಗೆ ರಜೆ, ಈ ಬಿಸಿಲಿಗೆ ಹೊರಗೂ ಬಿಡಲಾಗುವುದಿಲ್ಲ. ಇಬ್ಬರಿಗೂ ಯಾವ ಗೇಮ್ ಸರಿ? ಫ್ರೀ ಇರುವಂಥವನ್ನೇ ಹೇಳಿ. ಮನೆಯಲ್ಲಿ ಒಂದು ಹಳೆ ಫೋನಿದೆ, ಅದನ್ನು ಅವನಿಗೇ ಕೊಟ್ಟುಬಿಡು ಅಂತಾರೆ ಅತ್ತೆ. ಕೊಡಬಹುದಾ?

ಉತ್ತರ:

ಅಕ್ಕಾರೆ, ಗೇಮ್‌ಗಳ ಹೆಸರು ಆಮೇಲೆ ಹೇಳುತ್ತೇನೆ. ಯಾಕಂದ್ರೆ ಇವತ್ತು ನಾನು ಹೇಳಿದ ಹೆಸರು ಇನ್ನಾರು ತಿಂಗಳಿಗೆ ಹಳೆಯದಾಗುತ್ತದೆ, ನಿಮ್ಮ ಮಗ ಹೊಸದೊಂದರ ಹೆಸರು ಹಿಡಿದುಕೊಂಡು ಬರುತ್ತಾನೆ. ಆಗ ನೀವೇ ನೋಡಿ ತೀರ್ಮಾನ ಮಾಡುವಂತಾಗಬೇಕು.

ನೀವು ಬಂದೂಕಿಗೆ ಹೆದರಿದ್ದೀರಿ. ಹತ್ತು ವರ್ಷದ ಹುಡುಗನಿಗೆ ಗುಂಡು ಹಾರಿಸಿ ಕೊಲ್ಲುವ ಆಟ ಬೇಡ ಅಂತ ನಾನೂ ಹೇಳುತ್ತೇನೆ. ಆದರೆ ಅಂಥ ಆಟ ಆಡಿದವರೆಲ್ಲ ಹೊಡೆದಾಟಕ್ಕೆ ಇಳಿಯುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಇದನ್ನೇ ಹೇಳಿತು. ಕೂಗಾಡುವುದು, ತಳ್ಳಾಡುವುದು ಸ್ವಲ್ಪ ಜಾಸ್ತಿ ಆಗಬಹುದು, ಆದರೆ ದೊಡ್ಡ ಹಿಂಸೆಗೆ ವಿಡಿಯೋ ಗೇಮ್ ಕಾರಣ ಅನ್ನಲು ಬರುವುದಿಲ್ಲ ಎಂದು. ನನ್ನ ಹತ್ತಿರ ಬರುವ ಮನೆಗಳಲ್ಲೂ ಬಂದೂಕಿನಿಂದ ಆದ ತೊಂದರೆ ಕಡಿಮೆ. ಬಿಡಿಸಿಕೊಳ್ಳಲಾಗದ ಗೇಮ್‌ಗಳಿಂದ, ಜೇಬಿಗೆ ಕೈ ಹಾಕುವ ಗೇಮ್‌ಗಳಿಂದ ಆದದ್ದೇ ಜಾಸ್ತಿ. ಅವುಗಳಲ್ಲಿ ಎಷ್ಟೋ ಗೇಮ್‌ಗಳಲ್ಲಿ ಒಂದು ಬಂದೂಕೂ ಇರುವುದಿಲ್ಲ.

ಅದಕ್ಕೇ ಯಾವ ಗೇಮ್ ಕಂಡರೂ ನಾನು ಮೊದಲು ನೋಡುವುದು ಒಂದೇ: ಇದು ದುಡ್ಡು ಹೇಗೆ ಮಾಡುತ್ತದೆ?

ಶರಣಬಸವೇಶ್ವರ ಜಾತ್ರೆಯಲ್ಲಿ ಮಕ್ಕಳನ್ನು ತೊಟ್ಟಿಲು ಹತ್ತಿಸಬೇಕಾದರೆ ಮೊದಲೇ ಟಿಕೆಟ್ ತೆಗೆದುಕೊಳ್ಳುತ್ತೀರಿ. ತೊಟ್ಟಿಲು ತಿರುಗುತ್ತದೆ, ನಿಲ್ಲುತ್ತದೆ, ಇಳಿಯುತ್ತಾರೆ, ಲೆಕ್ಕ ಮುಗಿಯಿತು. ದುಡ್ಡು ಕೊಟ್ಟು ಕೊಳ್ಳುವ ಗೇಮ್‌ಗಳಲ್ಲಿ ಹೆಚ್ಚಿನವು ಹೀಗೇ. ಫ್ರೀ ಗೇಮ್ ಹಾಗಲ್ಲ. ಹತ್ತುವಾಗ ದುಡ್ಡು ಕೇಳದೆ, ಇಳಿಯುವ ಹೊತ್ತಿಗೆ ತಡೆಯುತ್ತದೆ. ಮಗು ಜಾಸ್ತಿ ಹೊತ್ತು ಕೂತಷ್ಟೂ ಜಾಸ್ತಿ ಜಾಹೀರಾತು ತೋರಿಸಬಹುದು, ಏನಾದರೂ ಮಾರಬಹುದು. ಹಾಗಾಗಿ ಅದನ್ನು ಕಟ್ಟಿದ್ದೇ ಮಗು ಏಳದಂತೆ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿಸಿದರೆ ಅದು ಹೋಯಿತು. ಸೋತರೆ, 'ಈ ಆ್ಯಡ್ ನೋಡು, ಇನ್ನೊಂದು ಲೈಫ್ ಕೊಡ್ತೀನಿ'. ನಾಲ್ಕು ತಾಸು ಕಾಯಿ, ಇಲ್ಲಾಂದ್ರೆ ದುಡ್ಡು ಕೊಡು. ಎಲ್ಲ ಫ್ರೀ ಗೇಮೂ ಹೀಗೇ ಅಂತಲ್ಲ, ಚೆನ್ನಾಗಿರುವವೂ ಇವೆ, ಹೇಳುತ್ತೇನೆ. ಆದರೆ 'ಫ್ರೀ ಇದ್ದರೆ ಸಾಕು' ಅಂತ ಶುರು ಮಾಡಿದರೆ ನೀವು ಮೊದಲು ಮುಟ್ಟುವುದು ಇಂಥವನ್ನೇ.

ಸಬ್‌ವೇ ಸರ್ಫರ್ಸ್ ನೋಡಿ. 2012ರಿಂದ ಇದೆ. ರಕ್ತ ಇಲ್ಲ, ಗುಂಡು ಇಲ್ಲ, ಹುಡುಗ ರೈಲಿನ ಹಳಿ ಮೇಲೆ ಓಡುತ್ತಾನೆ ಅಷ್ಟೇ. ಎಷ್ಟೋ ತಾಯಂದಿರು ಕೈತುತ್ತು ತಿನ್ನಿಸುವಾಗ ಇದನ್ನೇ ಹಚ್ಚಿಕೊಡುತ್ತಾರೆ. ಆದರೆ ಈ ಓಟಕ್ಕೆ ಕೊನೆ ಅಂತ ಇಲ್ಲ. ಗೆದ್ದೆ ಅಂತ ಫೋನು ಕೆಳಗಿಡುವ ಘಳಿಗೆಯೇ ಬರುವುದಿಲ್ಲ, ಪ್ರತಿ ಸಲವೂ ಬಿದ್ದೇ ಮುಗಿಯುವುದು. ಬಿದ್ದ ಮಗು 'ಇನ್ನೊಂದೇ ಸಲ' ಅನ್ನುತ್ತದೆ. ಆರು ವರ್ಷದ ಮಗುವಿನ ಕೈಯಿಂದ ಆ ಹೊತ್ತಿನಲ್ಲಿ ಫೋನು ಕಸಿದರೆ ಅಳದೆ ಇನ್ನೇನು ಮಾಡುತ್ತದೆ? ಕೇರಂ ಪೂಲ್‌ನದು ಇನ್ನೊಂದು ಥರ. ಹೆಸರಿಗೆ ನಮ್ಮ ಮನೆಯ ಕೇರಂ, ಆದರೆ ಪ್ರತಿ ಆಟಕ್ಕೂ ಕಾಯಿನ್ ಕಟ್ಟಬೇಕು, ಗೆದ್ದವನು ಎರಡೂ ಪಾಲು ಬಾಚಿಕೊಳ್ಳುತ್ತಾನೆ. ಅಸಲಿ ದುಡ್ಡಲ್ಲ, ನಿಜ. ಆದರೂ ಪಣ ಕಟ್ಟುವ ರುಚಿ ಹತ್ತು ವರ್ಷಕ್ಕೇ ಯಾಕೆ ಹತ್ತಿಸಬೇಕು?

ಇನ್ನು ಪ್ಲೇ ಸ್ಟೋರ್ ತೆರೆದುಕೊಂಡು ಒಂದು ಸಲ ನನ್ನ ಜೊತೆ ನೋಡಿ. ಗೇಮ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಕಂಟೇನ್ಸ್ ಆ್ಯಡ್ಸ್', 'ಇನ್-ಆ್ಯಪ್ ಪರ್ಚೇಸಸ್' ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಮೊದಲನೆಯದಕ್ಕೆ ಒಳಗೆ ಜಾಹೀರಾತು ಬರುತ್ತದೆ ಅಂತ ಅರ್ಥ, ಎರಡನೆಯದಕ್ಕೆ ಒಳಗೆ ಅಂಗಡಿ ಇದೆ ಅಂತ. ಎರಡೂ ಇದ್ದರೆ ಅರ್ಧ ತೀರ್ಮಾನ ಅಲ್ಲೇ ಆಯಿತು. ಇನ್ನೂ ಕೆಳಗೆ 'ಅಬೌಟ್ ದಿಸ್ ಗೇಮ್' ಒತ್ತಿ, ಕೊನೆವರೆಗೆ ಹೋಗಿ. ಒಳಗಿನ ಒಂದೊಂದು ಸಾಮಾನಿನ ಬೆಲೆ ಎಷ್ಟರಿಂದ ಎಷ್ಟು ಅಂತ ರೂಪಾಯಿಯಲ್ಲೇ ಹಾಕಿರುತ್ತಾರೆ. ಮಕ್ಕಳ ಕಾರ್ಟೂನ್ ಇರುವ ಗೇಮ್‌ನಲ್ಲಿ ಕೂಡ ಆ ಮೇಲಿನ ಅಂಕಿ ಸಾವಿರ ದಾಟಿರುವುದುಂಟು. ನಿಮ್ಮ ಮನೆಯವರನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಅಂಕಿ ತೋರಿಸಿ, ಅಂಗಡಿ ನಡೆಸುವವರಿಗೆ ಮುಂದಿನದು ಬಿಡಿಸಿ ಹೇಳಬೇಕಿಲ್ಲ.

ಅಲ್ಲೇ 3+, 7+, 12+, 16+, 18+ ಅಂತ ವಯಸ್ಸೂ ಇರುತ್ತದೆ. ಅದನ್ನು ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಗೇಮ್ ಮಾಡಿದವರು ತುಂಬಿಕೊಟ್ಟ ಪ್ರಶ್ನಾವಳಿಯಿಂದ ಬರುವ ಅಂಕಿ ಅದು. ರಕ್ತ ಎಷ್ಟು, ಬೈಗುಳ ಇದೆಯಾ, ಹೆದರಿಕೆ ಆಗುವಂಥದ್ದೇನಾದರೂ ಇದೆಯಾ ಅನ್ನುವುದನ್ನು ಅಳೆಯುತ್ತದೆ. ಮಗುವನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಅನ್ನುವುದನ್ನು ಅಳೆಯುವುದಿಲ್ಲ. ಇಸ್ಪೀಟು, ಫ್ಯಾಂಟಸಿ ಕ್ರಿಕೆಟ್ ಥರ ದುಡ್ಡು ಹಾಕಿ ಆಡುವ ಆಟಗಳ ಮಾತು ಇಲ್ಲಿ ಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳ ವಿರುದ್ಧ ಕಾನೂನನ್ನೇ ಪಾಸು ಮಾಡಿದೆ. ಫೋನಿನಲ್ಲಿ ಅಂಥದ್ದೊಂದು ಕಂಡರೆ ತೆಗೆದುಹಾಕಿ, ಅದು ದೊಡ್ಡವರದ್ದೇ ಆಗಿದ್ದರೂ.

ಈಗ ಫ್ರೀ ಫೈರ್ ಮ್ಯಾಕ್ಸ್. 2022ರ ಫೆಬ್ರವರಿಯಲ್ಲಿ ಸರ್ಕಾರ ನಿಷೇಧಿಸಿದ್ದು ಹಳೆ ಫ್ರೀ ಫೈರ್, ಇದು ಅದರ ಇನ್ನೊಂದು ರೂಪ. ಒಂದು ಮ್ಯಾಚ್‌ನಲ್ಲಿ 50 ಜನ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ. ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ನಾಲ್ಕು ಜನರ ತಂಡ ಮಾಡಿಕೊಂಡು, ಮೈಕ್ ಆನ್ ಮಾಡಿ ಮಾತಾಡುತ್ತಾ ಆಡುವುದೇ ಜಾಸ್ತಿ. ನಾನು ಬೇಡ ಅನ್ನುವುದು ಮುಖ್ಯವಾಗಿ ಈ ಮೈಕ್‌ನ ಕಾರಣಕ್ಕೆ. ತಂಡದಲ್ಲಿ ಟ್ಯೂಷನ್ ಗೆಳೆಯ ಒಬ್ಬ ಇರಬಹುದು, ಉಳಿದಿಬ್ಬರು ಯಾರೋ, ಎಲ್ಲಿಯವರೋ, ಎಷ್ಟು ವಯಸ್ಸಿನವರೋ. ಅವರ ಬಾಯಿಂದ ಬರುವ ಬೈಗುಳ ನಿಮ್ಮ ಮಗನ ಕಿವಿಗೆ ನೇರವಾಗಿ ಬೀಳುತ್ತದೆ. 'ನಂಬರ್ ಕೊಡು, ವಾಟ್ಸಾಪಿಗೆ ಬಾ, ಫ್ರೀ ಡೈಮಂಡ್ ಕಳಿಸ್ತೀನಿ' ಅಂತ ಶುರುವಾದರೆ ಅದು ಗೇಮ್ ಅಲ್ಲ, ಮೋಸ. ಡೈಮಂಡ್ ಅಂದರೆ ಆ ಗೇಮ್‌ನ ಒಳಗಿನ ದುಡ್ಡು. ಬಿಜಿಎಂಐ ಅನ್ನುವ ಇನ್ನೊಂದು ಬಂದೂಕಿನ ಗೇಮ್‌ನಲ್ಲಿ ಅದಕ್ಕೆ ಯುಸಿ ಅಂತಾರೆ, ರೋಬ್ಲಾಕ್ಸ್‌ನಲ್ಲಿ ರೋಬಕ್ಸ್. ರೂಪಾಯಿಯನ್ನು ಹೀಗೆ ವೇಷ ಬದಲಿಸಿ ಇಟ್ಟರೆ ಖರ್ಚಾಗಿದ್ದು ಮಗುವಿಗೆ ತಿಳಿಯುವುದಿಲ್ಲ. ದೊಡ್ಡವರಿಗೂ ತಿಳಿಯುವುದಿಲ್ಲ ಅನ್ನಿ.

ಬಿಜಿಎಂಐಗೂ ಹತ್ತು ವರ್ಷಕ್ಕೆ ಇದೇ ಉತ್ತರ. 18ರೊಳಗಿನವರಿಗೆ ಪಾಲಕರ ಒಪ್ಪಿಗೆ ಬೇಕು ಅಂತ ಅವರ ನಿಯಮವೇ ಹೇಳುತ್ತದೆ. ರೋಬ್ಲಾಕ್ಸ್ ಮಾತ್ರ ಸ್ವಲ್ಪ ಗೋಜಲು. ಅದು ಒಂದು ಗೇಮ್ ಅಲ್ಲ, ಬಳಸುವವರೇ ಮಾಡಿ ಹಾಕಿದ ಗೇಮ್‌ಗಳ ದೊಡ್ಡ ರಾಶಿ. ಚಂದದ್ದೂ ಇದೆ, ಹೊಲಸೂ ಇದೆ. ನೀವು ಪಕ್ಕದಲ್ಲಿ ಕೂತು ಆರಿಸಿಕೊಡುವ ಹಾಗಿದ್ದರೆ ಮಾತ್ರ ಅದರ ಕಡೆ ಹೋಗಿ.

ಮಗನಿಗೆ ಬರೀ 'ಬೇಡ' ಅಂದರೆ ಆಗುವುದಿಲ್ಲ. ಅವನಿಗೆ ಬೇಕಾಗಿರುವುದು ಬಂದೂಕಿಗಿಂತ ಹೆಚ್ಚಾಗಿ ಗೆಳೆಯರ ಮಾತು. ನಾಳೆ ಟ್ಯೂಷನ್‌ನಲ್ಲಿ ಎಲ್ಲರೂ ನಿನ್ನೆಯ ಮ್ಯಾಚ್ ಬಗ್ಗೆ ಮಾತಾಡುವಾಗ ತಾನೊಬ್ಬನೇ ಸುಮ್ನೆ ಕೂರಬೇಕಲ್ಲ ಅನ್ನುವ ಸಂಕಟ ಅದು. ಅದಕ್ಕೆ ಬೈದು ಪ್ರಯೋಜನ ಇಲ್ಲ. ಆ ಗೆಳೆಯರಲ್ಲಿ ಇಬ್ಬರನ್ನು ಮನೆಗೆ ಕರೆಯಿರಿ. ಒಂದೇ ಫೋನಿನಲ್ಲಿ ಮೂವರೂ ಸರದಿ ಮೇಲೆ ಆಡುವಂಥದ್ದು ಹಚ್ಚಿಕೊಡಿ. ಲೂಡೋ ಕಿಂಗ್‌ನಲ್ಲಿ ನೆಟ್ ಇಲ್ಲದೆ ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುತ್ತಾ ಆಡಲು ಬರುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ ಕೊಡಿ, ಬಹುಪಾಲು ಜಾಹೀರಾತೂ ನಿಲ್ಲುತ್ತದೆ, ಪರಿಚಯ ಇಲ್ಲದವರ ಜೊತೆ ಆಡುವುದೂ ತಪ್ಪುತ್ತದೆ. ಇದೊಂದು ಉಪಾಯ ಬೇರೆ ಗೇಮ್‌ಗಳಿಗೂ ನಡೆಯುತ್ತದೆ. ನೆಟ್ ಇಲ್ಲದೆ ಓಡದ ಗೇಮ್ ಮನೆಗೆ ಬೇಡ ಅಂತ ಒಂದು ನಿಯಮ ಮಾಡಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ಮಗನಿಗೆ ನಾನು ಕೊಡಿಸುವುದಾದರೆ ಮೈನ್‌ಕ್ರಾಫ್ಟ್ ಕೊಡಿಸುತ್ತೇನೆ. ದುಡ್ಡು ಕೊಡಬೇಕು, ಕೆಲವು ನೂರು ರೂಪಾಯಿ, ಒಂದೇ ಸಲ. ಚೌಕ ಚೌಕ ಕಲ್ಲು ಮಣ್ಣು ಜೋಡಿಸಿ ಬೇಕಾದ್ದು ಕಟ್ಟುವ ಗೇಮ್ ಅದು. ಕ್ರಿಯೇಟಿವ್ ಮೋಡ್‌ನಲ್ಲಿ ಇಟ್ಟರೆ ಸಾಯುವ ಭಯ ಇಲ್ಲ, ಸುಮ್ನೆ ಕಟ್ಟುತ್ತಾ ಹೋಗಬಹುದು. ಬೀದರಿನ ಒಬ್ಬ ಹುಡುಗ ಇದರಲ್ಲಿ ಅಲ್ಲಿನ ಕೋಟೆ ಕಟ್ಟಲು ಕೂತಿದ್ದ. ಗೋಡೆ ಎದ್ದಿತು, ಬುರುಜು ಎದ್ದಿತು, ಕಂದಕದ ಹತ್ತಿರ ಬಂದು ನಿಂತ. ಒಂದೇ ಕಂದಕ ತೋಡಿದ್ದ. 'ಅಲ್ಲಿ ಮೂರು ಅದಾವ' ಅಂದರು ಅವನ ಮುತ್ಯಾ. ಹುಡುಗ ನಂಬಲಿಲ್ಲ. ಭಾನುವಾರ ಇಬ್ಬರೂ ಹೋಗಿ ನೋಡಿಕೊಂಡು ಬಂದರು. ಬಂಡೆ ಕೊರೆದು ಮಾಡಿದ ಮೂರು ಕಂದಕ, ನಡುವೆ ಬಂಡೆಯದೇ ಗೋಡೆ. ಮನೆಗೆ ಬಂದವನು ತೋಡಿದ್ದನ್ನೆಲ್ಲ ಮುಚ್ಚಿ ಹೊಸದಾಗಿ ಶುರು ಮಾಡಿದ. ಗೇಮ್ ಒಳ್ಳೆಯದಾ ಕೆಟ್ಟದ್ದಾ ಅಂತ ಗೊತ್ತಾಗುವುದು ಫೋನು ಕೆಳಗಿಟ್ಟ ಮೇಲೆ ಮಗು ಏನು ಮಾಡುತ್ತದೆ ಅನ್ನುವುದರಿಂದ. ಮೈನ್‌ಕ್ರಾಫ್ಟ್‌ನ ಒಳಗೂ ಒಂದು ಅಂಗಡಿ ಇದೆ, ಹೊರಗಿನವರ ಸರ್ವರ್‌ಗಳಿಗೆ ಸೇರುವ ದಾರಿಯೂ ಇದೆ. ನೆಟ್ ಬಂದ್ ಮಾಡಿದರೆ ಎರಡೂ ಬಂದ್.

ಫ್ರೀಯೇ ಬೇಕು ಅಂದರೆ ಲಿಚೆಸ್ ಹಾಕಿಕೊಡಿ. ಚೆಸ್ ಆಡುವ ಆ್ಯಪ್. ಜನ ಕೊಡುವ ದೇಣಿಗೆಯಲ್ಲಿ ನಡೆಯುತ್ತದೆ, ಹಾಗಾಗಿ ಜಾಹೀರಾತು ಇಲ್ಲ, ಅಂಗಡಿ ಇಲ್ಲ. ಅಕೌಂಟ್ ಮಾಡದೆಯೂ ಕಂಪ್ಯೂಟರ್ ಜೊತೆ ಆಡಬಹುದು. ಅಕೌಂಟ್ ಮಾಡಿದರೆ ಕಿಡ್ ಮೋಡ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿದರೆ ಯಾರೂ ಮೆಸೇಜ್ ಕಳಿಸಲು ಆಗುವುದಿಲ್ಲ. 'ಚೆಸ್ ಯಾರಿಗೆ ಬೇಕು' ಅಂತ ಮುಖ ತಿರುವಿದರೆ, 2024ರಲ್ಲಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಗುಕೇಶ್ ಸುದ್ದಿ ತೆಗೆಯಿರಿ. ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಲ್ಯಾಪ್‌ಟಾಪ್ ಇದೆಯಾ? ಇದ್ದರೆ ಸ್ಕ್ರ್ಯಾಚ್ ತೋರಿಸಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, 8 ರಿಂದ 16 ವರ್ಷದವರಿಗೆ, ಪೂರ್ತಿ ಉಚಿತ. ಅದರಲ್ಲಿ ಮಕ್ಕಳು ಗೇಮ್ ಆಡುವುದರ ಜೊತೆಗೆ ತಾವೇ ಗೇಮ್ ಮಾಡುತ್ತಾರೆ. ಮಾನ್ಯುಮೆಂಟ್ ವ್ಯಾಲಿ ಅಂತ ಇನ್ನೊಂದಿದೆ, ದುಡ್ಡಿನದು, ಚಿತ್ರದಂಥ ಮೆಟ್ಟಿಲು ಗೋಪುರ ತಿರುಗಿಸಿ ದಾರಿ ಹುಡುಕುವುದು. 10 ಅಧ್ಯಾಯ, ಮುಗಿಯಿತು ಅಂದರೆ ಮುಗಿಯಿತು. ಅಷ್ಟು ಚಿಕ್ಕದಕ್ಕೆ ದುಡ್ಡಾ ಅಂತ ಕೇಳುವವರಿದ್ದಾರೆ. ಮುಗಿಯುತ್ತದೆ ಅನ್ನುವುದಕ್ಕೇ ನಾನು ದುಡ್ಡು ಕೊಡುತ್ತೇನೆ.

ಮಗಳ ವಿಷಯ ಸುಲಭ. ಖಾನ್ ಅಕಾಡೆಮಿ ಕಿಡ್ಸ್ ಸಾಕು. 2 ರಿಂದ 8 ವರ್ಷದವರಿಗೆ ಮಾಡಿದ್ದು, ಉಚಿತ, ಜಾಹೀರಾತಿಲ್ಲ. ಇಂಗ್ಲಿಷಿನಲ್ಲಿದೆ, ಹಾಗಾಗಿ ಮೊದಮೊದಲು ನೀವು ಪಕ್ಕದಲ್ಲಿ ಕೂರಬೇಕಾಗುತ್ತದೆ, ಅದು ಒಳ್ಳೆಯದೇ. ಬಣ್ಣ ತುಂಬುವ, ಗೊಂಬೆಗೆ ಬಟ್ಟೆ ಹಾಕುವ ಫ್ರೀ ಆ್ಯಪ್‌ಗಳು ನೂರಾರು ಸಿಗುತ್ತವೆ. ಅವುಗಳಲ್ಲಿ ಒಂದನ್ನು ಹಾಕಿಕೊಟ್ಟು ಆಕೆಯ ಬೆರಳನ್ನೇ ನೋಡುತ್ತಾ ಕೂರಿ. ಎರಡು ಚಿತ್ರ ಆಗುವಷ್ಟರಲ್ಲಿ ಆ್ಯಡ್ ಬರುತ್ತದೆ. ಮುಚ್ಚುವ ಗುಣಾಕಾರ ಚಿಹ್ನೆ ಮೂಲೆಯಲ್ಲಿ ಜೋಳದ ಕಾಳಿನಷ್ಟು ಇರುತ್ತದೆ, ಅದೂ ಐದಾರು ಸೆಕೆಂಡ್ ತಡವಾಗಿ ಬರುತ್ತದೆ. ಮಗುವಿನ ಬೆರಳು ಅದರ ಪಕ್ಕಕ್ಕೆ ಬೀಳುತ್ತದೆ, ಪ್ಲೇ ಸ್ಟೋರ್ ತೆರೆಯುತ್ತದೆ, ಅಲ್ಲಿ ಇನ್ಯಾವುದೋ ಗೇಮ್. ಆಕೆ ಅದನ್ನೂ ಒತ್ತುತ್ತಾಳೆ. ಅಪ್ಪನ ಫೋನಿನಲ್ಲಿ ಯಾರೂ ಹಾಕದ ಆ್ಯಪ್‌ಗಳು ತುಂಬಿಕೊಳ್ಳುವುದು ಹೀಗೆ.

ಅಪ್ಪನ ಫೋನು ಅಂದೆನಲ್ಲ, ನನಗೆ ಜಾಸ್ತಿ ಚಿಂತೆ ಇರುವುದು ಅಲ್ಲೇ. ಅಂಗಡಿಯ ದುಡ್ಡೆಲ್ಲ ಆ ಫೋನಿನಲ್ಲಿ ಓಡಾಡುತ್ತದೆ. ಪಿನ್ ಒತ್ತುವಾಗ ಹತ್ತು ವರ್ಷದ ಹುಡುಗ ಒಮ್ಮೆ ನೋಡಿದರೆ ಸಾಕು, ಮರೆಯುವುದಿಲ್ಲ. ಯುಪಿಐ ಲೈಟ್ ಆನ್ ಇದ್ದರೆ ಸಣ್ಣ ಪಾವತಿಗೆ ಪಿನ್ ಕೂಡ ಕೇಳುವುದಿಲ್ಲ. ಹಾಗಾಗಿ ಇವತ್ತೇ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಮಗನ ಬೆರಳಚ್ಚು ಫೋನಿನಲ್ಲಿ ಸೇರಿಸಿದ್ದರೆ ತೆಗೆಯಿರಿ. ಗೊತ್ತಿಲ್ಲದೆ ದುಡ್ಡು ಹೋಗಿದ್ದೇ ಆದರೆ 48 ಗಂಟೆಯೊಳಗೆ ಗೂಗಲ್ ಪ್ಲೇನಲ್ಲಿ ರಿಫಂಡ್ ಕೇಳಿ, ತಡ ಮಾಡಿದಷ್ಟೂ ಕಷ್ಟ. ಡೈಮಂಡ್ ಕೊಡುತ್ತೇನೆ ಅಂತ ಯಾರೋ ಮೋಸ ಮಾಡಿ ದುಡ್ಡು ಎಳೆದರೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗನಿಗೂ ಮೊದಲೇ ಹೇಳಿಡಿ: ದುಡ್ಡು ಹೋದರೆ ಹೊಡೆಯಲ್ಲ, ಮುಚ್ಚಿಟ್ಟರೆ ಮಾತ್ರ ಸಿಟ್ಟು ಬರುತ್ತದೆ. ಹೊಡೆತದ ಭಯಕ್ಕೆ ಸುಮ್ಮನಿರುವ ಮಕ್ಕಳೇ ಇನ್ನೊಂದು ಸಲ, ಮತ್ತೊಂದು ಸಲ ದುಡ್ಡು ಕಳೆಯುವುದು.

ಎಷ್ಟು ಹೊತ್ತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಭಾರತದ ಮಕ್ಕಳ ವೈದ್ಯರ ಸಂಘ 5 ರಿಂದ 10 ವರ್ಷದವರಿಗೆ ದಿನಕ್ಕೆ ಎರಡು ತಾಸಿಗಿಂತ ಕಡಿಮೆ ಅನ್ನುತ್ತದೆ, ಅದರಲ್ಲಿ ಟಿವಿಯೂ ಸೇರಿತು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲಿಗೆ ಹೆದರಿ ಸರ್ಕಾರಿ ಆಫೀಸೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಮಕ್ಕಳನ್ನು ಮೈದಾನಕ್ಕೆ ಕಳಿಸಿ ಅಂತ ಯಾರು ಹೇಳುತ್ತಾರೆ? ಗೇಮ್‌ನ ಹೊತ್ತನ್ನು ಆ ಸುಡು ಮಧ್ಯಾಹ್ನಕ್ಕೇ ಇಡಿ. ಬಿಸಿಲು ಇಳಿದ ಮೇಲೆ ಗಲ್ಲಿಯಲ್ಲಿ ಕ್ರಿಕೆಟ್ ಶುರುವಾದಾಗ ಫೋನು ಕೈಯಲ್ಲಿ ಇರಬಾರದು. ನಿಲ್ಲಿಸುವಾಗ ಗಡಿಯಾರ ನೋಡಬೇಡಿ, ಆಟ ನೋಡಿ. 'ತಡಿಯವ್ವಾ, ಇನ್ನ ಐದು ನಿಮಿಷ' ಅನ್ನುವ ಮಗ ಎಷ್ಟೋ ಸಲ ಸುಳ್ಳು ಹೇಳುತ್ತಿರುವುದಿಲ್ಲ, ನಡುವೆ ಬಿಟ್ಟರೆ ಕಟ್ಟಿದ್ದು ಹೋಗುತ್ತದೆ, ತಂಡದವರು ಬೈಯುತ್ತಾರೆ. 'ಈ ಲೆವೆಲ್ ಮುಗಿದ ಮೇಲೆ ಫೋನು ನನ್ನ ಕೈಗೆ' ಅಂತ ಶುರುವಿನಲ್ಲೇ ಮಾತಾಗಲಿ. ಅರ್ಧ ಜಗಳ ಕಡಿಮೆಯಾಗುತ್ತದೆ. ಉಳಿದರ್ಧ ಇದ್ದೇ ಇರುತ್ತದೆ, ಅದಕ್ಕೆ ಔಷಧಿ ಇಲ್ಲ.

ಹಟ ಮಾಡಿದ ಮಾತ್ರಕ್ಕೆ ಚಟ ಹತ್ತಿತು ಅಂತ ಹೆದರಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆ ಅಂತ ಹೆಸರಿಟ್ಟಿರುವುದು ಬೇರೆಯದಕ್ಕೆ. ಹಿಡಿತವೇ ತಪ್ಪಿ, ಊಟ, ನಿದ್ದೆ, ಶಾಲೆ ಎಲ್ಲಕ್ಕಿಂತ ಗೇಮೇ ದೊಡ್ಡದಾಗಿ, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದೆ, ಸಾಮಾನ್ಯವಾಗಿ ವರ್ಷದ ತನಕ ಹಾಗೇ ಎಳೆದರೆ ಆಗ. ಅಷ್ಟು ದಿನ ಕಾಯಬೇಕಿಲ್ಲ. ರಾತ್ರಿ ಕದ್ದು ಆಡುವುದು, ಇಷ್ಟವಾದ ಬೇರೆ ಆಟವನ್ನೆಲ್ಲ ಬಿಟ್ಟುಬಿಡುವುದು ಕಂಡರೆ 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ಕಲಬುರಗಿಯ ನಮ್ಮ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಮನೋವೈದ್ಯರ ಹತ್ತಿರವೂ ಹೋಗಬಹುದು.

ಅತ್ತೆಯವರು ಹೇಳಿದ ಹಳೆ ಫೋನು ಒಳ್ಳೆ ಐಡಿಯಾ, ಆದರೆ ಅವನಿಗೇ ಅಂತ ಬೇಡ, ಮಕ್ಕಳಿಬ್ಬರಿಗೂ ಅಂತ ಇರಲಿ. ಸಿಮ್ ತೆಗೆಯಿರಿ, ಹಳೆಯದನ್ನೆಲ್ಲ ಅಳಿಸಿ ರೀಸೆಟ್ ಮಾಡಿ, ಯಾವ ಪೇಮೆಂಟ್ ಆ್ಯಪೂ ಬೇಡ. ಗೂಗಲ್ ಫ್ಯಾಮಿಲಿ ಲಿಂಕ್‌ನಲ್ಲಿ ಮಗನ ಹೆಸರಿಗೆ ಮಕ್ಕಳ ಅಕೌಂಟ್ ಮಾಡಿ. ಆಗ ಅವನು ಯಾವ ಆ್ಯಪ್ ಹಾಕಬೇಕೆಂದರೂ ನಿಮ್ಮ ಫೋನಿಗೆ ಕೇಳಿಕೊಂಡು ಬರುತ್ತದೆ, ದಿನದ ಹೊತ್ತು ಮುಗಿದರೆ ತಾನೇ ಲಾಕ್ ಆಗುತ್ತದೆ. ಹುಟ್ಟಿದ ದಿನ ನಿಜವಾದದ್ದನ್ನೇ ಹಾಕಿ. ಬೇಗ ಕೆಲಸ ಆಗಲಿ ಅಂತ 2000ನೇ ಇಸವಿ ಹಾಕಿದರೆ ಗೇಮ್‌ಗಳು ಅವನನ್ನು ದೊಡ್ಡವನು ಅಂದುಕೊಂಡು ಚಾಟ್, ಅಂಗಡಿ ಎಲ್ಲ ತೆರೆದಿಡುತ್ತವೆ. ಬೇಕಾದ ಗೇಮ್‌ಗಳನ್ನು ನೀವೇ ಇಳಿಸಿ, ಆಮೇಲೆ ವೈಫೈ ಬಂದ್ ಮಾಡಿ ಕೊಡಿ. ಲಿಚೆಸ್, ಖಾನ್ ಕಿಡ್ಸ್‌ನಿಂದ ಶುರು ಮಾಡಿ, ಒಂದು ತಿಂಗಳು ನೋಡಿಕೊಂಡು ಮೈನ್‌ಕ್ರಾಫ್ಟ್ ಕೊಳ್ಳಿ. ಹಳೆ ಫೋನಿನ ಬ್ಯಾಟರಿ ಉಬ್ಬಿದೆಯಾ ಅಂತ ಮೊದಲು ನೋಡಿಕೊಳ್ಳಿ, ಉಬ್ಬಿದ್ದರೆ ಬದಲಿಸದೆ ಮಕ್ಕಳ ಕೈಗೆ ಕೊಡಬೇಡಿ. ಚಾರ್ಜಿಗೆ ಹಚ್ಚಿದಾಗ ಆಡುವುದು ಬೇಡ, ಈ ಬೇಸಿಗೆಯಲ್ಲಂತೂ ಮೊದಲೇ ಬೇಡ.